ಸಹಾಯ ಬೇಕು: ಹಳೇ ದೋಣಿ ಮೋಟಾರ್ ಸ್ಟಾರ್ಟ್ ಆಗುತ್ತಿಲ್ಲ

ಗೊರೂರು ಹಿನ್ನೀರಿನಲ್ಲಿ ಓಡಿಸುವ ನಮ್ಮ ದೋಣಿಯದು ಹಳೇ ಟೂ ಸ್ಟ್ರೋಕ್ ಮೋಟಾರ್, 8 ಎಚ್‌ಪಿ. ಮಳೆಗಾಲವಿಡೀ ಶೆಡ್ಡಿನಲ್ಲಿತ್ತು. ಈಗ ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಯಿತು, ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುತ್ತಿಲ್ಲ.

ಪ್ಲಗ್ ಬಿಚ್ಚಿ ನೋಡಿದೆ. ನೀಲಿ ಕಿಡಿ ಚೆನ್ನಾಗಿಯೇ ಬರುತ್ತಿದೆ. ಆದರೆ ಪ್ಲಗ್ ತುದಿ ಪೂರ್ತಿ ಒಣ, ಪೆಟ್ರೋಲ್ ವಾಸನೆಯೂ ಇಲ್ಲ. ಟ್ಯಾಂಕಿನಿಂದ ಮೋಟಾರಿಗೆ ಪೆಟ್ರೋಲ್ ಹೋಗುವ ಪೈಪಿನ ನಡುವೆ ಇರುವ, ಪೆಟ್ರೋಲ್ ಪಂಪ್ ಮಾಡುವ ರಬ್ಬರ್ ಬಲ್ಬ್ ಎಷ್ಟು ಹಿಚುಕಿದರೂ ಗಟ್ಟಿಯಾಗುವುದಿಲ್ಲ, ಮೆತ್ತಗೇ ಇರುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆ, ಕಿಲ್ ಸ್ವಿಚ್ (ಮೋಟಾರ್ ತಕ್ಷಣ ನಿಲ್ಲಿಸುವ ಸ್ವಿಚ್) ಕ್ಲಿಪ್ಪೂ ಜಾಗದಲ್ಲಿದೆ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ಪೈಪ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ ಅಂತ ನನ್ನ ಅನುಮಾನ.

ಇಲ್ಲಿನ ಬೈಕ್ ಮೆಕ್ಯಾನಿಕ್ ಕಾರ್ಬ್ಯುರೇಟರನ್ನೇ ಬದಲಿಸಿ ಅನ್ನುತ್ತಾರೆ. ಸುಮ್ನೆ ಜಾಸ್ತಿ ಖರ್ಚು ಅಲ್ವಾ? ಬಲ್ಬ್, ಪೈಪ್ ಹಾಸನದಲ್ಲೇ ಸಿಗುತ್ತದಾ, ಇಲ್ಲ ಮಂಗಳೂರಿಗೇ ಹೋಗಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.