ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ದೂಡುತ್ತದೆ, ಏನು ಮಾಡುವುದು?

ಬಂಡಲದ ಹತ್ತಿರದಿಂದ ಕೇಳಿದ್ದು:

ಹೊಸ ಮನೆಗೆ ಚಿರೆಕಲ್ಲನ್ನು ಕುಮಟಾ ಕಡೆಯಿಂದ ನಮ್ಮದೇ ಟ್ರ್ಯಾಕ್ಟರಿನಲ್ಲಿ ತರುತ್ತಿದ್ದೇನೆ. ಎರಡು ಗಾಲಿಯ ಟ್ರೇಲರ್, ಅದಕ್ಕೆ ಬ್ರೇಕ್ ಇಲ್ಲ. ದೇವಿಮನೆ ಘಟ್ಟ ಹತ್ತುವಾಗ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಡಾಂಬರು ರಸ್ತೆ ಬಿಟ್ಟು ತೋಟದ ಕಡೆ ಮನೆಗೆ ಇಳಿಯುವಾಗ ಟ್ರೇಲರ್ ಹಿಂದಿನಿಂದ ದೂಡುತ್ತದೆ. ಅಮೆರಿಕದವರ ವಿಡಿಯೋದಲ್ಲಿ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಬ್ರೇಕ್ ಕಂಟ್ರೋಲರ್ ಎಂದು ತೋರಿಸುತ್ತಾರೆ. ನಮ್ಮ ಗಾಡಿಗೆ ಅದು ಆಗುತ್ತದೆಯೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ರಾಗಿಹೊಸಳ್ಳಿ ಕಡೆಯಿಂದ:

ತಮ್ಮಾ, ನಿನ್ನ ಎರಡನೇ ಮಾತು ಓದಿ ಹೆದರಿಕೆಯಾಯಿತು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಘಟ್ಟದಲ್ಲಿ ಎಲ್ಲರೂ ಎಚ್ಚರಿಕೆಯಿಂದ ಇರುತ್ತಾರೆ. ನಮ್ಮ ಕಡೆ ಟ್ರ್ಯಾಕ್ಟರ್ ಮಗುಚುವುದು ಮನೆಯ ದಾರಿಯಲ್ಲೇ. ಮುಗಿದೇ ಹೋಯಿತು, ಇನ್ನು ನೂರು ಮಾರು ಎನ್ನುವಾಗ.

ನನಗೆ ಆದದ್ದು ಹೇಳುತ್ತೇನೆ. ಇಳಿಸುವವರಿಗೆ ಸುಲಭವಾಗಲಿ ಎಂದು ಕಲ್ಲನ್ನು ಟ್ರೇಲರಿನ ಹಿಂಬದಿಗೇ ಒಟ್ಟಿದ್ದೆ. ಜೂನ್ ತಿಂಗಳ ಮೊದಲ ಮಳೆ, ದಾರಿಯ ಮೇಲೆ ದರಕು, ಅಂದರೆ ಒಣಗಿದ ಎಲೆ, ಬಿದ್ದಿತ್ತು. ಭಾರ ಆಕ್ಸಲ್ಲಿನ ಹಿಂದೆ ಇದ್ದದ್ದರಿಂದ ಮೂಕಿ, ಅಂದರೆ ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಟ್ರೇಲರಿನ ಮುಂದಿನ ತೋಳು, ಮೇಲಕ್ಕೆ ಎತ್ತುತ್ತಿತ್ತು, ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಮೇಲಿನ ತೂಕ ಕಡಿಮೆಯಾಗಿತ್ತು. ತೂಕ ಇಲ್ಲದ ಗಾಲಿಗೆ ಎಷ್ಟು ಬ್ರೇಕ್ ಹಿಡಿದರೂ ಅದು ನಿಂತುಕೊಂಡೇ ಜಾರುತ್ತದೆ. ಟ್ರೇಲರ್ ಬದಿಗೆ ಬಂದು ಟ್ರ್ಯಾಕ್ಟರನ್ನು ಕತ್ತರಿ ಮಡಚಿದ ಹಾಗೆ ಮಡಚಿತು. ದಾರಿ ಬದಿಯ ಮಣ್ಣಿನ ದರೆಗೆ ತಾಗಿ ನಿಂತದ್ದರಿಂದ ನಾನು ಉಳಿದೆ. ಇನ್ನೊಂದು ಬದಿಗೆ ತೋಟ, ಹದಿನೈದು ಅಡಿ ಕೆಳಗೆ.

ನಿನ್ನದು ಇದಕ್ಕೆ ಉಲ್ಟಾ ಇದೆ. ಹತ್ತುವಾಗ ಮುಂದಿನ ಗಾಲಿ ಹಗುರಾಗುತ್ತದೆ ಎಂದರೆ ಮೂಕಿಯ ಮೇಲೆ ಭಾರ ಜಾಸ್ತಿ ಬಿದ್ದಿದೆ, ಇಲ್ಲವೇ ಎಳೆಯುವ ಜಾಗ ಎತ್ತರದಲ್ಲಿದೆ. ಎರಡೂ ಇರಬಹುದು. ಮೂಕಿಯ ಪಿನ್ನು ಆದಷ್ಟು ಕೆಳಗಿನ ಹುಕ್ಕಿಗೇ ಬೀಳಬೇಕು. ಮೇಲೆ, ನೇಗಿಲಿನಂಥ ಸಲಕರಣೆಯ ಮೇಲ್ತುದಿ ಹಿಡಿಯುವ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಮೂತಿ ಎತ್ತಿ ಹಿಂದಕ್ಕೇ ಮಗುಚುತ್ತದೆ. ಮುಂದಿನ ಬಂಪರಿಗೆ ಹಾಕುವ ಎರಕದ ತೂಕ ಸಿಗುತ್ತದೆ, ಹಾಕಿಸು.

ಕಲ್ಲು ಒಟ್ಟುವುದು ಆಕ್ಸಲ್ಲಿನ ನೇರಕ್ಕೆ, ಸ್ವಲ್ಪವೇ ಮುಂದಕ್ಕೆ. ಅಂದಾಜಿಗೆ ಬಿಡಬೇಡ, ವೇಬ್ರಿಜ್ಜಿನಲ್ಲಿ ತೂಗು. ಮೊದಲು ಬರೀ ಟ್ರ್ಯಾಕ್ಟರ್, ಆಮೇಲೆ ಲೋಡು ಸಮೇತ ಇಡೀ ಗಾಡಿ, ಕಡೆಗೆ ಕೊಂಡಿ ಬಿಚ್ಚದೆ ಟ್ರೇಲರಿನ ಗಾಲಿ ಮಾತ್ರ ಮೇಲಿಟ್ಟು. ಇಡೀ ಗಾಡಿಯ ತೂಕದಲ್ಲಿ ಟ್ರ್ಯಾಕ್ಟರಿನದು ಕಳೆದರೆ ಟ್ರೇಲರಿನ ಒಟ್ಟು ತೂಕ ಸಿಕ್ಕಿತು. ಅದರಲ್ಲಿ ಗಾಲಿಯ ಮೇಲಿನದನ್ನು ಕಳೆದರೆ ಉಳಿದದ್ದು ಮೂಕಿಯ ಭಾರ. ನಾನು ಒಂದು ಕಲ್ಲು ತೂಗಿ ನೋಡಿದ್ದೆ, 30 ಕಿಲೋ ಚಿಲ್ಲರೆ ಬಂತು. ನೂರು ಕಲ್ಲಿಗೇ ಮೂರು ಟನ್ ಆಯಿತಲ್ಲ! ನಾನೀಗ ಅರ್ಧ ಲೋಡನ್ನು ರಸ್ತೆ ಬದಿಗೇ ಇಳಿಸಿ ಎರಡು ಸಲ ಒಯ್ಯುತ್ತೇನೆ. ಡೀಸೆಲ್ ಹೋದರೆ ಹೋಗಲಿ.

ಇಳಿಯುವ ಮೊದಲು, ಸಮತಟ್ಟು ಜಾಗದಲ್ಲೇ ಲೋ ಗೇರಿಗೆ ಹಾಕು. ನಡುವೆ ಕ್ಲಚ್ ಒತ್ತಬೇಡ, ಒತ್ತಿದರೆ ಇಂಜಿನ್ನಿನ ಹಿಡಿತ ಬಿಟ್ಟುಹೋಗುತ್ತದೆ. ಎಡ ಬಲ ಎರಡು ಬ್ರೇಕ್ ಪೆಡಲಿಗೂ ಸೇರಿಸಿ ಕೊಂಡಿ ಹಾಕಿದ್ದೀಯೋ ನೋಡು. ಗದ್ದೆಯಲ್ಲಿ ತಿರುಗಿಸಲು ಬಿಚ್ಚಿಟ್ಟದ್ದನ್ನು ಮರೆತರೆ ಇಳಿಜಾರಿನಲ್ಲಿ ಒಂದೇ ಗಾಲಿ ಹಿಡಿದು ಗಾಡಿ ತಿರುಗಿಬಿಡುತ್ತದೆ.

ಹೊನ್ನಾವರದಿಂದ:

ಮೇಲಿನ ಅಣ್ಣ ಹೇಳಿದ್ದಕ್ಕೆ ನಾನು ಸೇರಿಸುವುದು ಆ ವಿಡಿಯೋದ ಸಾಮಾನಿನ ವಿಷಯ ಮಾತ್ರ. ಗಲ್ಫಿನಲ್ಲಿದ್ದಾಗ ದೊಡ್ಡ ಪಿಕಪ್ಪಿಗೆ ಟ್ರೇಲರ್ ಕಟ್ಟಿ ವರ್ಷಗಟ್ಟಲೆ ಓಡಿಸಿದ್ದೇನೆ, ಎರಡನ್ನೂ ಕೈಯಾರೆ ಹೊಂದಿಸಿದ್ದೇನೆ.

ಪಿಕಪ್ಪಿನಲ್ಲಿ ಟ್ರೇಲರಿನ ಮೂತಿ ಕೂರುವ ಗುಂಡು ಹಿಂದಿನ ಆಕ್ಸಲ್ಲಿಗಿಂತ ಬಹಳ ಹಿಂದೆ ಇರುತ್ತದೆ. 1.2 ಮೀಟರ್ ಹಿಂದೆ 150 ಕಿಲೋ ಕೂತಿತು, ಗಾಲಿಯಿಂದ ಗಾಲಿಗೆ 3 ಮೀಟರ್ ಇದೆ ಎಂದುಕೊಳ್ಳಿ. ಆಗ ಮುಂದಿನ ಗಾಲಿಗಳ ಮೇಲೆ 60 ಕಿಲೋ ಕಡಿಮೆಯಾಗಿ ಹಿಂದಿನದರ ಮೇಲೆ 210 ಕಿಲೋ ಏರುತ್ತದೆ. ತೂಗುಹಲಗೆ ಆಟದ ಹಾಗೆಯೇ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ಚು ಎಂದರೆ ತೂಕ ಹಂಚುವ ಕೊಂಡಿ, ಅದರಲ್ಲಿ ಎರಡು ಸ್ಪ್ರಿಂಗ್ ಸರಳುಗಳಿರುತ್ತವೆ. ಅವುಗಳ ತುದಿಯನ್ನು ಟ್ರೇಲರಿನ ಚೌಕಟ್ಟಿಗೆ ಸರಪಳಿಯಿಂದ ಬಿಗಿದು ಎಳೆದಾಗ, ತಳ್ಳುಗಾಡಿಯ ಹಿಡಿಕೆ ಎತ್ತಿದಂತೆ ಆ ತೂಕದ ಒಂದು ಪಾಲು ಮುಂದಿನ ಗಾಲಿಗೂ ಇನ್ನೊಂದು ಪಾಲು ಟ್ರೇಲರಿನ ಆಕ್ಸಲ್ಲಿಗೂ ಹೋಗುತ್ತದೆ. ಮೂಕಿಯ ಭಾರ ಅದರಿಂದ ಕಡಿಮೆಯಾಗುವುದಿಲ್ಲ, ಗಾಡಿಯ ಎಳೆಯುವ ಮಿತಿಯೂ ಹೆಚ್ಚುವುದಿಲ್ಲ. ಹಿಂಬದಿಗೆ ಲೋಡು ಒಟ್ಟಿದ್ದನ್ನಂತೂ ಅದು ಸರಿಮಾಡುವುದೇ ಇಲ್ಲ. ಅಲ್ಲಿ ನಮಗೆ ಕಲಿಸಿದ್ದು, ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಗುಂಡಿನ ಮೇಲಿರಬೇಕು ಎಂದು. ಕಡಿಮೆಯಾದರೆ ವೇಗದಲ್ಲಿ ಬಾಲ ಬೀಸಲು ಶುರುಮಾಡುತ್ತದೆ.

ಬ್ರೇಕ್ ಕಂಟ್ರೋಲರ್ ಎನ್ನುವುದು ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆ. ಟ್ರೇಲರಿನ ಡ್ರಮ್ಮಿನೊಳಗೆ ವಿದ್ಯುತ್ ಅಯಸ್ಕಾಂತ ಇದ್ದರೆ ಅದಕ್ಕೆ ಕರೆಂಟು ಕಳಿಸುತ್ತದೆ. ಅಯಸ್ಕಾಂತ ತಿರುಗುವ ಡ್ರಮ್ಮಿಗೆ ಅಂಟಿ ಸನ್ನೆಕೋಲನ್ನು ಎಳೆದಾಗ ಬ್ರೇಕ್ ಶೂ ಒತ್ತುತ್ತದೆ. ಒಳ್ಳೆಯ ಕಂಟ್ರೋಲರ್ ಗಾಡಿ ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಎಂದು ಅರಿತು ಅಷ್ಟೇ ಕರೆಂಟು ಕೊಡುತ್ತದೆ. ಅಗ್ಗದ್ದು ಪೆಡಲ್ ಒತ್ತಿದ ಮೇಲೆ ತನ್ನ ಲೆಕ್ಕದಲ್ಲಿ ಏರಿಸುತ್ತಾ ಹೋಗುತ್ತದೆ. ಕೈಯಿಂದ ಒತ್ತುವ ಸನ್ನೆಯೂ ಇರುತ್ತದೆ. ಟ್ರೇಲರ್ ಬಾಲ ಬೀಸಿದಾಗ ಗಾಡಿಯ ಬ್ರೇಕ್ ತುಳಿಯದೆ ಆ ಸನ್ನೆ ಒತ್ತಿದರೆ ಟ್ರೇಲರ್ ಮಾತ್ರ ಹಿಡಿದು ನೆಟ್ಟಗಾಗುತ್ತದೆ. ಎರಡು ಸಲ ಅದು ನನ್ನನ್ನು ಉಳಿಸಿದೆ. ಲೋಡು ಬದಲಾದಾಗೆಲ್ಲ ಅದರ ಬಲವನ್ನು ಹೊಸದಾಗಿ ಹೊಂದಿಸಬೇಕು.

ನಿಮ್ಮ ಟ್ರೇಲರಿನಲ್ಲಿ ಬ್ರೇಕೇ ಇಲ್ಲದಿರುವಾಗ ಕಂಟ್ರೋಲರ್ ತಂದು ಏನನ್ನು ಹಿಡಿಸುತ್ತೀರಿ? ಆ ಹಿಚ್ಚು ಕೂಡ ಟ್ರ್ಯಾಕ್ಟರಿನ ಪಿನ್ನಿನ ಮೂಕಿಗೆ ಮಾಡಿದ್ದಲ್ಲ. ಅದರ ದುಡ್ಡಿನಲ್ಲಿ ಟ್ರೇಲರಿನ ಆಕ್ಸಲ್ಲಿಗೆ ಡ್ರಮ್ ಬ್ರೇಕ್ ಹಾಕಿಸಿ, ಟ್ರ್ಯಾಕ್ಟರಿನ ಪೆಡಲಿನಿಂದಲೇ ಹೈಡ್ರಾಲಿಕ್ಕಿನಲ್ಲೋ ಗಾಳಿಯಲ್ಲೋ ಹಿಡಿಯುವ ಹಾಗೆ.

ಯಲ್ಲಾಪುರದಿಂದ:

ನಮ್ಮನೆಯವರು ಟ್ರ್ಯಾಕ್ಟರ್ ನಡೆಸುತ್ತಾರೆ, ಲೋಡು ಹೇರುವಾಗ ನಾನೂ ಜೊತೆಗಿರುತ್ತೇನೆ. ಎರಡೇ ಮಾತು. ಮೂಕಿಯ ಪಿನ್ನಿಗೆ ಸರಿಯಾದ ಲಾಕು ಹಾಕಿ, ತಂತಿ ಸುತ್ತಿ ಬಿಡಬೇಡಿ. ಕೂಲಿಗೆ ಬಂದವರನ್ನು ಮೂಕಿಯ ಮೇಲೋ ಮಡ್‌ಗಾರ್ಡಿನ ಮೇಲೋ ಕೂರಿಸಿಕೊಂಡು ಇಳಿಯಬೇಡಿ, ಎಷ್ಟೇ ಹತ್ತಿರವಿದ್ದರೂ. ಅವರು ನಡೆದುಕೊಂಡು ಬರಲಿ. ಗಾಲಿಗೆ ಕೊಡಲು ಒಳ್ಳೆಯ ಎರಡು ಮರದ ತುಂಡು ಯಾವಾಗಲೂ ಗಾಡಿಯಲ್ಲಿರಲಿ.

ಬಂಡಲದ ಹತ್ತಿರದಿಂದ, ಕೇಳಿದವರೇ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ನಿನ್ನೆ ಕುಮಟಾದಲ್ಲಿ ಅಣ್ಣ ಹೇಳಿದ ಹಾಗೆ ಮೂರು ಸಲ ತೂಗಿಸಿದೆ. ಟ್ರೇಲರ್ ಲೋಡು ಸಮೇತ 4,100 ಕಿಲೋ, ಅದರಲ್ಲಿ 1,020 ಮೂಕಿಯ ಮೇಲೆ! ಕಲ್ಲನ್ನೆಲ್ಲ ಮುಂದಿನ ಹಲಗೆಗೆ ಒತ್ತಿ ಒಟ್ಟುತ್ತಿದ್ದೆ, ಇಳಿಜಾರಿನಲ್ಲಿ ಜಾರದಿರಲಿ ಎಂದು. ಅಲ್ಲೇ ಎರಡು ಸಾಲು ತೆಗೆದು ಆಕ್ಸಲ್ಲಿನ ಮೇಲಕ್ಕೆ ಇಡಿಸಿದೆ. ಕತಗಾಲ ದಾಟಿ ಘಟ್ಟ ಹತ್ತಿದಾಗ ಸ್ಟೇರಿಂಗ್ ಕೈಗೆ ಸಿಕ್ಕಿತು. ದೇವಿಮನೆಯಲ್ಲಿ ಗುಡಿ ಮುಂದೆ ನಿಲ್ಲಿಸಿ ಕಾಯಿ ಒಡೆಸಿದೆ. ಮನೆ ದಾರಿಗೆ ಬರುವ ಮೊದಲು ಅರ್ಧ ಇಳಿಸಿದೆ. ಬ್ರೇಕ್ ಹಾಕಿಸಲು ಶಿರಸಿಯ ಒಂದು ವರ್ಕ್‌ಶಾಪಿನಲ್ಲಿ ಮಾತಾಡಿದ್ದೇನೆ, ಹತ್ತು ದಿನ ಬೇಕಂತೆ. ಅಲ್ಲಿಯವರೆಗೆ ಕಲ್ಲು ತರುವುದಿಲ್ಲ. ಇನ್ನೂ 1,400 ಕಲ್ಲು ಬರುವುದಿದೆ.