ಸಣ್ಣ ಸೆಬೆಂಜಾ 31 ಮಡಚುಚಾಕು: ಮೊದಲ ವಾರದ ಅನುಭವ ಮತ್ತು ಕೆಲವು ಸಂದೇಹಗಳು

ಪ್ರಶ್ನೆ (ಬಾಯ್ಸಿ, ಐಡಾಹೊ)

ನಾನು ಬಾಯ್ಸಿಗೆ ಬಂದು ಆರು ವರ್ಷಗಳಾದವು. ಇದೇ ಊರಿನಲ್ಲಿ ತಯಾರಾಗುವ ಕ್ರಿಸ್ ರೀವ್ ಕಂಪನಿಯ ಸಣ್ಣ ಸೆಬೆಂಜಾ 31 ಚಾಕುವನ್ನು ಬಹಳ ದಿನ ಹಿಂದೆಮುಂದೆ ನೋಡಿ ಕಳೆದ ವಾರ ಕೊಂಡೆನು. ಅಂಗಡಿಯಲ್ಲಿ ಉಳಿದಿದ್ದ ಎಸ್ 45 ವಿಎನ್ ಉಕ್ಕಿನದು. ಬೆಲೆ ನಾನೂರು ಡಾಲರಿನ ಆಸುಪಾಸು. ಮನೆಯಲ್ಲಿ ಇನ್ನೂ ಪೂರ್ತಿ ಮೊತ್ತವನ್ನು ಹೇಳಿಲ್ಲ.

ಅಲಗು ಮೂರು ಇಂಚಿಗೆ ಕೂದಲೆಳೆಯಷ್ಟು ಕಡಿಮೆ, ಅಂದರೆ ಸುಮಾರು 76 ಮಿ.ಮೀ. ಉದ್ದವಿದೆ; ತೂಕ ಸುಮಾರು 85 ಗ್ರಾಂ. ಹಿಡಿಯ ಎರಡೂ ಪಕ್ಕಗಳು ಟೈಟೇನಿಯಂ. ಹೊಳಪಿಲ್ಲದ ಬೂದು ಮೇಲ್ಮೈ ಸ್ಲೇಟಿನಂತೆ ಕಾಣುತ್ತದೆ. ಬೀಗದಕೈ ಗೊಂಚಲಿನ ಜೊತೆ ಒಂದೇ ಜೇಬಿನಲ್ಲಿಟ್ಟ ನನ್ನ ತಪ್ಪಿಗೆ ಮೊದಲ ದಿನವೇ ಅದರ ಮೇಲೆ ಬಳಪದ ಗೆರೆಗಳಂತಹ ಗೀರುಗಳು ಬಿದ್ದವು. ಆದರೆ ತೆರೆದ ಅಲಗನ್ನು ಎಡಕ್ಕೂ ಬಲಕ್ಕೂ ಒತ್ತಿ ನೋಡಿದಾಗ ಅದು ಒಂದಿಷ್ಟೂ ಅಲುಗಲಿಲ್ಲ. ನಮ್ಮ ಅಜ್ಜ ಸಂತೆಯಲ್ಲಿ ಅಡಕತ್ತರಿ ಕೊಳ್ಳುವಾಗ ಬಾಯಿಯ ಹರಿತವನ್ನು ನೋಡುತ್ತಲೇ ಇರಲಿಲ್ಲ. ಎರಡೂ ಹಿಡಿಗಳನ್ನು ಅಲ್ಲಾಡಿಸಿ ಕೀಲನ್ನು ಮಾತ್ರ ಪರೀಕ್ಷಿಸುತ್ತಿದ್ದರು. ಬಾಯಿಯನ್ನು ಮನೆಯಲ್ಲಿ ಮಸೆಯಬಹುದು, ಸಡಿಲವಾದ ಕೀಲನ್ನು ಇಟ್ಟುಕೊಂಡು ಏನು ಮಾಡುವುದು ಎಂಬುದು ಅವರ ವಾದವಾಗಿತ್ತು. ಆ ಪರೀಕ್ಷೆಯಲ್ಲಿ ಇದು ತೇರ್ಗಡೆಯಾಯಿತು.

ಈಗ ಸಂದೇಹಗಳು. ಹೆಬ್ಬೆರಳಿನಿಂದ ತೆರೆಯುವಾಗ ಅಲಗು ಒಮ್ಮೆ ಸರಾಗವಾಗಿ ಬರುತ್ತದೆ, ಇನ್ನೊಮ್ಮೆ ಹಠ ಹಿಡಿಯುತ್ತದೆ; ಕೀಲಿನ ತಿರುಪನ್ನು ಸ್ವಲ್ಪ ಸಡಿಲಿಸಬೇಕೆ? ಇಷ್ಟು ಚಿಕ್ಕ ವಸ್ತುವಿನಲ್ಲಿ ಅಷ್ಟು ಹಣ ಎಲ್ಲಿ ಅಡಗಿದೆ? ಬೇಸಿಗೆಯಲ್ಲಿ ಲಂಡನ್ನಿನ ತಮ್ಮನ ಮನೆಯಲ್ಲಿ ಒಂದು ವಾರ ಉಳಿದು ಶಿವಮೊಗ್ಗಕ್ಕೆ ಹೋಗುವವನಿದ್ದೇನೆ. ಇದನ್ನು ಜೊತೆಗೆ ಒಯ್ಯಬಹುದೆ?

ಮೊದಲ ಉತ್ತರ

ದಯವಿಟ್ಟು ತಿರುಪನ್ನು ಮುಟ್ಟಬೇಡಿ. ಸಾಮಾನ್ಯ ಮಡಚುಚಾಕುಗಳಲ್ಲಿ ತಿರುಪನ್ನು ಬಿಗಿ ಮಾಡಿದಷ್ಟೂ ಅಲಗು ಬಿಗಿಯಾಗುತ್ತದೆ, ಸಡಿಲಿಸಿದರೆ ಅಲುಗಾಡುತ್ತದೆ. ಇವೆರಡರ ನಡುವಿನ ಹದವನ್ನು ಹುಡುಕುವುದೇ ಒಂದು ಕಸರತ್ತು. ಸೆಬೆಂಜಾದಲ್ಲಿ ಕೀಲಿನ ಸುತ್ತ ಒಂದು ಲೋಹದ ಬುಶ್ (ಸಣ್ಣ ಕೊಳವೆ) ಇದ್ದು, ತಿರುಪನ್ನು ಕೊನೆಯವರೆಗೆ ಬಿಗಿದಾಗ ಹಿಡಿಯ ಎರಡು ಪಕ್ಕಗಳು ಆ ಬುಶ್‌ನ ಮೇಲೆ ಕುಳಿತುಕೊಳ್ಳುತ್ತವೆಯೇ ಹೊರತು ಅಲಗನ್ನು ಹಿಂಡುವುದಿಲ್ಲ. ಅಲಗಿಗೆ ಸಿಗುವ ಜಾಗವನ್ನು ಬುಶ್‌ನ ಉದ್ದವೇ ನಿರ್ಧರಿಸುವುದರಿಂದ, ಬುಶ್, ಅಲಗು ಮತ್ತು ಅದರ ಎರಡು ಪಕ್ಕದ ಫಾಸ್ಫರ್ ಕಂಚಿನ ವಾಷರ್‌ಗಳು ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದಲೇಬೇಕು. ತಮ್ಮ ಅಜ್ಜನವರು ಪರೀಕ್ಷಿಸುತ್ತಿದ್ದ ಜಾಗದಲ್ಲಿಯೇ ತಮ್ಮ ಹಣದ ದೊಡ್ಡ ಪಾಲು ಇದೆ.

ಹಠ ಹಿಡಿಯುವುದಕ್ಕೆ ಕಾರಣ ಬಹುಶಃ ತಮ್ಮ ಬೆರಳು. ಈ ಚಾಕುವಿನಲ್ಲಿ ಹಿಡಿಯ ಒಂದು ಪಕ್ಕವನ್ನೇ ಸೀಳಿ ಬೀಗದ ಪಟ್ಟಿಯನ್ನಾಗಿ ಮಾಡಿದ್ದಾರೆ. ಅಲಗು ಪೂರ್ತಿ ತೆರೆದಾಗ ಆ ಪಟ್ಟಿ ಒಳಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಇಂದು ಎಷ್ಟೋ ಕಂಪನಿಗಳು ಅನುಸರಿಸುವ ಈ ವಿಧಾನವನ್ನು ದಕ್ಷಿಣ ಆಫ್ರಿಕಾದಿಂದ ಬಂದು ಐಡಾಹೊದಲ್ಲಿ ನೆಲೆಸಿದ ಕ್ರಿಸ್ ರೀವ್ ಅವರೇ ರೂಪಿಸಿದರು. ತೆರೆಯುವಾಗ ನಡುಬೆರಳು ಆ ಪಟ್ಟಿಯ ಮೇಲೆ ಒತ್ತಿದರೆ ಪಟ್ಟಿ ಅಲಗಿಗೆ ಒರಗುತ್ತದೆ, ಆಗ ಅಲಗು ಬಿಗಿಯಾಗುತ್ತದೆ. ಬೆರಳನ್ನು ಪಟ್ಟಿಯಿಂದ ಆಚೆ ಇಟ್ಟು ತೆರೆದು ನೋಡಿ.

ಇನ್ನೊಂದು ಮಾತು: ಮನೆಯಲ್ಲಿದೆಯೆಂದು ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಬಾಯ್ಸಿಯ ಚಳಿಗಾಲದಲ್ಲಿ ತಮ್ಮ ಚಾಕು ಏಪ್ರಿಲ್‌ವರೆಗೆ ತೆರೆಯಲಿಕ್ಕಿಲ್ಲ.

ಎರಡನೆಯ ಉತ್ತರ

ಮೇಲಿನವರು ಕೀಲಿನ ಬಗ್ಗೆ ಬರೆದದ್ದನ್ನು ಒಪ್ಪುತ್ತೇನೆ. ಆದರೆ ಹಣವೆಲ್ಲ ಅಲ್ಲೇ ಇದೆ ಎಂದರೆ ಬೀಗಕ್ಕೆ ಅನ್ಯಾಯವಾಗುತ್ತದೆ. ಟೈಟೇನಿಯಂ ಹಗುರ ಮತ್ತು ತುಕ್ಕು ಹಿಡಿಯದ ಲೋಹ ನಿಜ, ಆದರೆ ಹದಗೊಳಿಸಿದ ಉಕ್ಕಿಗೆ ಉಜ್ಜುತ್ತಾ ಹೋದರೆ ಸವೆಯುವುದು ಟೈಟೇನಿಯಮ್ಮೇ. ಆದ್ದರಿಂದ 31ರಲ್ಲಿ ಪಟ್ಟಿಯ ತುದಿಗೆ ಒಂದು ಸೆರಾಮಿಕ್ ಗುಂಡನ್ನು ಕೂರಿಸಿದ್ದಾರೆ. ಅಲಗಿಗೆ ತಾಗುವುದು ಆ ಗುಂಡು. ಬೀಗದ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಬೆಳಕಿಗೆ ಹಿಡಿದರೆ ಸಾಸಿವೆಗಿಂತ ತುಸು ದೊಡ್ಡದಾದ ಆ ಗುಂಡು ಕಾಣಿಸೀತು.

ಮಸೆಯುವ ವಿಷಯವನ್ನು ತಾವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಎಸ್ 45 ವಿಎನ್ ಪುಡಿಲೋಹ ವಿಧಾನದಲ್ಲಿ ತಯಾರಾದ ಉಕ್ಕು. ಅದರಲ್ಲಿ ಸುಮಾರು 16 ಶೇಕಡಾ ಕ್ರೋಮಿಯಂ, 3 ಶೇಕಡಾ ವೆನೇಡಿಯಂ ಇವೆ. ವೆನೇಡಿಯಂ ಕಾರ್ಬೈಡಿನ ಕಣಗಳು ಸಾಮಾನ್ಯ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡ್‌ಗಿಂತಲೂ ಗಟ್ಟಿ. ಹರಿತ ಬಹುಕಾಲ ನಿಲ್ಲುವುದೂ ಅದರಿಂದಲೇ, ಅಡುಗೆಮನೆಯ ಕಲ್ಲಿನ ಮೇಲೆ ಉಜ್ಜಿದಷ್ಟೂ ಕೈ ನೋಯುವುದೂ ಅದರಿಂದಲೇ. ಒಂದು ಸಣ್ಣ ವಜ್ರದ ಪುಡಿಯ ಫಲಕ ಕೊಂಡುಬಿಡಿ. ಪೂರ್ತಿ ಮೊಂಡಾಗುವವರೆಗೆ ಕಾಯದೆ, ಕಾಗದವನ್ನು ಕೊಯ್ಯುವಾಗ ಮೊದಲ ಸಲ ತಡೆದಂತೆ ಅನ್ನಿಸಿದಾಗಲೇ ನಾಲ್ಕಾರು ಸಲ ಎಳೆದರೆ ಸಾಕು.

ಮೂರನೆಯ ಉತ್ತರ (ಲಂಡನ್)

ತಾವೆಲ್ಲ ಹೊಗಳುತ್ತಿರುವ ಆ ಬೀಗವೇ ಇಲ್ಲಿ ತೊಡಕು. ಮೂರು ಇಂಚಿಗಿಂತ ಹೆಚ್ಚಿಲ್ಲದ ಬಾಯಿಯ ಮಡಚುಚಾಕುವನ್ನು ಬ್ರಿಟನ್ನಿನಲ್ಲಿ ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದೆಂದು 1988ರ ಕಾಯಿದೆ ಹೇಳುತ್ತದೆ. ಆದರೆ ತೆರೆದಾಗ ಬೀಗ ಬೀಳುವ ಚಾಕು ಆ ವಿನಾಯಿತಿಗೆ ಒಳಪಡುವುದಿಲ್ಲವೆಂದು ನ್ಯಾಯಾಲಯಗಳು ತೀರ್ಮಾನಿಸಿವೆ. ಅಂದರೆ ಉದ್ದದಲ್ಲಿ ಪಾಸಾದ ತಮ್ಮ ಚಾಕು ಬೀಗದಲ್ಲಿ ನಪಾಸು. ತಮ್ಮನವರ ಮನೆಯಲ್ಲಿ ಸೂಟ್‌ಕೇಸಿನಿಂದ ಹೊರತೆಗೆಯದೆ ಇಟ್ಟುಬಿಡಿ, ಬೀದಿಗೆ ತರಬೇಡಿ. ಭಾರತದಲ್ಲಿ ಆಯುಧ ನಿಯಮಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗುಗಳನ್ನು, ಆದ್ದರಿಂದ ಶಿವಮೊಗ್ಗದಲ್ಲಿ ಅಳತೆಯ ತೊಂದರೆಯಿಲ್ಲ. ವಿಮಾನದಲ್ಲಿ ಮಾತ್ರ ಕೈಚೀಲಕ್ಕೆ ಹಾಕದೆ ಚೆಕ್-ಇನ್ ಸಾಮಾನಿನಲ್ಲಿಯೇ ಕಳುಹಿಸಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ತಪ್ಪು ನನ್ನ ನಡುಬೆರಳಿನದೇ. ಅದನ್ನು ಅರ್ಧ ಇಂಚು ಹಿಂದಕ್ಕೆ ಸರಿಸಿದ ಕೂಡಲೇ ಅಲಗು ಹತ್ತಕ್ಕೆ ಹತ್ತು ಸಲ ಒಂದೇ ರೀತಿ ತೆರೆಯಿತು. ಸೆರಾಮಿಕ್ ಗುಂಡನ್ನು ಮೊಬೈಲಿನ ದೀಪದಲ್ಲಿ ನೋಡಿದೆ. ನೋಡುತ್ತಿದ್ದಾಗ ಮನೆಯವರು ಬಂದು, ಚಾಕು ಚೆನ್ನಾಗಿದೆ, ಎಷ್ಟು ಕೊಟ್ಟಿರಿ ಎಂದು ಕೇಳಿದರು. ಕೀಲಿನ ಬುಶ್‌ನಿಂದ ಪ್ರಾರಂಭಿಸಿ ವಿವರಿಸುತ್ತಿದ್ದೇನೆ. ಇನ್ನೂ ಬೆಲೆಯ ತನಕ ಬಂದಿಲ್ಲ.