ಪಲಾಟ್ಸೊ ಸ್ಟ್ರೊಟ್ಸಿಗೆ "ಅರಮನೆ" ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಇಟಲಿಯ ಫ್ಲಾರೆನ್ಸಿನಲ್ಲಿರುವ ಪಲಾಟ್ಸೊ ಸ್ಟ್ರೊಟ್ಸಿ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಹಳೇ ಕಟ್ಟಡ, ಈಗ ಅಲ್ಲಿ ದೊಡ್ಡ ದೊಡ್ಡ ಕಲಾ ಪ್ರದರ್ಶನಗಳು ನಡೆಯುತ್ತವೆ. "ಪಲಾಟ್ಸೊ" ಅಂದ ಕೂಡಲೇ ನಾವು "ಅರಮನೆ" ಅಂತ ಬರೆದುಬಿಡುತ್ತೇವೆ. ಇಲ್ಲಿ ಅದು ಸರಿಯಾ?

ನನಗಂತೂ ಸರಿ ಅನ್ನಿಸುತ್ತಿಲ್ಲ. ಅರಮನೆ ಅಂದರೆ ಅರಸನ ಮನೆ. ಸ್ಟ್ರೊಟ್ಸಿಗಳು ಅರಸರಲ್ಲ, ಲೇವಾದೇವಿ ಮತ್ತು ವ್ಯಾಪಾರದವರು. ಅವರ ಎದುರಾಳಿಗಳು ಮೆಡಿಚಿ ಮನೆತನದವರು, ಫ್ಲಾರೆನ್ಸ್ ಅವರ ಹಿಡಿತದಲ್ಲಿದ್ದ ಕಾಲದಲ್ಲಿ ಸ್ಟ್ರೊಟ್ಸಿಗಳು ಊರು ಬಿಡಬೇಕಾಯಿತು. ಫಿಲಿಪ್ಪೊ ಸ್ಟ್ರೊಟ್ಸಿ ನೇಪಲ್ಸಿನಲ್ಲಿ ದುಡ್ಡು ಮಾಡಿ 1466ರಲ್ಲಿ ವಾಪಸ್ ಬಂದ, 1489ರಲ್ಲಿ ಈ ಮನೆಗೆ ಪಾಯ ಹಾಕಿಸಿದ, 1491ರಲ್ಲಿ ತೀರಿಕೊಂಡ. ಕೆಲಸ 1538ರವರೆಗೂ ನಡೆಯಿತು, ಆದರೂ ಸೂರಿನ ಅಂಚಿನ ಕಲ್ಲಿನ ಪಟ್ಟಿ ಪೂರ್ತಿಯಾಗಲೇ ಇಲ್ಲ. ಮನೆ ಶುರುವಾದಾಗ ಫ್ಲಾರೆನ್ಸ್ ಹೆಸರಿಗಾದರೂ ಗಣರಾಜ್ಯ, ಅಲ್ಲಿ ಅರಸನೇ ಇರಲಿಲ್ಲ. ಒಬ್ಬ ಸಾಹುಕಾರ ಎದುರಾಳಿ ಮನೆತನಕ್ಕೆ ಕಲ್ಲಿನಲ್ಲಿ ಕೊಟ್ಟ ಉತ್ತರ ಇದು. "ಅರಮನೆ" ಅಂದರೆ ಓದುಗರಿಗೆ ಈ ಕತೆ ಕಾಣುವುದೇ ಇಲ್ಲ, ಅಲ್ವಾ?

ವೆನಿಸಿನವರು ಇದರಲ್ಲಿ ಹಿಂದೆ ಬಹಳ ಕಟ್ಟುನಿಟ್ಟು. ಆಳುವ ಡೋಜ್ ಇದ್ದ ಕಟ್ಟಡ ಮಾತ್ರ ಪಲಾಟ್ಸೊ, ಉಳಿದವರ ಮನೆ ಎಷ್ಟೇ ದೊಡ್ಡದಿದ್ದರೂ ಬರೀ "ಕಾ", ಅಂದರೆ ಕಾಸಾ, ಮನೆ. ಕಾ ದೋರೊ, ಕಾ ಪೆಸಾರೊ ಎರಡೂ ಇವತ್ತು ಮ್ಯೂಸಿಯಂ, ಹೆಸರು ಮಾತ್ರ ಹಾಗೇ ಇದೆ. ಈಗಿನ ಇಟಲಿಯಲ್ಲಿ ನಾಲ್ಕೈದು ಮಹಡಿಯ ಅಪಾರ್ಟ್‌ಮೆಂಟಿಗೂ ಪಲಾಟ್ಸೊ ಅನ್ನುತ್ತಾರೆ.

ನಮ್ಮಲ್ಲೂ ಈ ಭೇದ ಇದೆ. ಮೈಸೂರಿನ ಜಗನ್ಮೋಹನ ಅರಮನೆ ಆರ್ಟ್ ಗ್ಯಾಲರಿ ಆದರೂ ಅರಮನೆಯೇ, ಯಾಕೆಂದರೆ ಅದು ಒಡೆಯರದ್ದು. ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಷನ್ ಇರುವುದು ಪ್ಯಾಲೇಸ್ ರಸ್ತೆಯಲ್ಲೇ, ಅಲ್ಲೂ ಕಲಾ ಗ್ಯಾಲರಿ ಇದೆ, ಆದರೆ ಅದನ್ನು ಯಾರೂ ಅರಮನೆ ಅಂದದ್ದು ನಾನು ಕೇಳಿಲ್ಲ.

ಇಟಾಲಿಯನ್ ಪದವನ್ನೇ "ಪಲಾಜೊ" ಅಂತ ಹಾಗೇ ಬಿಟ್ಟರೆ ಈಗ ಎಲ್ಲರಿಗೂ ನೆನಪಾಗುವುದು ಹೆಂಗಸರ ಸಡಿಲ ಪ್ಯಾಂಟು. ಬಂಗಲೆ ಅಂದರೆ ಬ್ರಿಟಿಷರ ಕಾಲದ ವಾಸನೆ. ಗುತ್ತಿನ ಮನೆ ತುಳುನಾಡಿನ ಬೇರೆಯದೇ ವ್ಯವಸ್ಥೆ, ಅದನ್ನು ಇಲ್ಲಿಗೆ ತರುವುದು ಬೇಡ. ಸದ್ಯಕ್ಕೆ "ಮಹಲು" ಹತ್ತಿರ ಅನ್ನಿಸುತ್ತಿದೆ. ವೈಭವವೂ ಬರುತ್ತದೆ, ಅರಸನೇ ಇರಬೇಕು ಅಂತಲೂ ಇಲ್ಲ.

ಇನ್ನೊಂದು ಪದ. ಈ ಮಹಲಿನ ನಡುವೆ ಆಕಾಶಕ್ಕೆ ತೆರೆದ ಜಾಗ ಇದೆ, ಸುತ್ತ ಕಂಬಗಳ ಸಾಲು. 2018ರಲ್ಲಿ ಕಾರ್ಸ್ಟನ್ ಹೊಲ್ಲರ್ ಎಂಬ ಕಲಾವಿದ ಮೇಲಿನಿಂದ ಇಲ್ಲಿಗೇ ಎರಡು ದೊಡ್ಡ ಜಾರುಬಂಡೆ ಇಳಿಸಿದ್ದರು. ಬಂದವರು ಅದರಲ್ಲಿ ಜಾರಬೇಕು, ಕೆಲವರ ಜೊತೆ ಒಂದು ಹುರುಳಿಕಾಯಿ ಗಿಡವೂ ಜಾರುತ್ತಿತ್ತು! ಈ ನಡುವಿನ ಜಾಗಕ್ಕೆ "ಅಂಗಳ" ಅಂದರೆ ಮನೆಯ ಮುಂದಿನ ಜಾಗ ಅನ್ನಿಸಿಬಿಡುತ್ತದೆ. ತೊಟ್ಟಿಮನೆಯ "ತೊಟ್ಟಿ" ನನಗೆ ಬಹಳ ಇಷ್ಟ, ಆದರೆ ಬರೀ ತೊಟ್ಟಿ ಅಂದರೆ ನೀರಿನ ತೊಟ್ಟಿ, ಕಸದ ತೊಟ್ಟಿ ಅಂತಲೂ ಓದಬಹುದು. "ಒಳಂಗಳ" ಸಾಕಾ?

ಉತ್ತರ ಕರ್ನಾಟಕದವರಲ್ಲಿ ಒಂದು ಪ್ರಶ್ನೆ: ನಿಮ್ಮ ಕಡೆ ಸಾಹುಕಾರರ ದೊಡ್ಡ ಮನೆಗೂ "ವಾಡೆ" ಅನ್ನುತ್ತೀರಾ, ಇಲ್ಲಾ ದೇಸಾಯಿ, ಗೌಡರ ಮನೆಗಷ್ಟೇನಾ? ವ್ಯಾಪಾರಸ್ಥರ ಮನೆಗೂ ಆ ಮಾತು ಇದ್ದರೆ "ಮಹಲು" ಬಿಟ್ಟು ಅದನ್ನೇ ಹಾಕುತ್ತೇನೆ.